ಸಿಗ್ನಲ್ ಭಾಗ ಪೂರ್ತಿ ಅವರದು

ಮದುವೆಯಾದ ಹೊಸದರಲ್ಲೇ ಗಂಡ ಅವಳಿಗೆ ಜಿಗಣೆ ಎಂದು ಅಡ್ಡಹೆಸರಿಟ್ಟಿದ್ದ. ಒಂದು ತಪ್ಪು ಕಣ್ಣಿಗೆ ಬಿದ್ದರೆ ಸರಿಯಾಗುವ ತನಕ ಬಿಡುವವಳಲ್ಲ. ಇಬ್ಬರೂ ಒಂದೇ ಕಂಪನಿಯವರು. ಬಟ್ಟೆ ಒಗೆಯುವ ದೊಡ್ಡ ಯಂತ್ರಗಳನ್ನು ನಡೆಸುವ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಅದನ್ನು ಗಿರಾಕಿಯ ಜಾಗಕ್ಕೊಯ್ದು ಕೂರಿಸುವುದು ಅವನದು.

ಆ ವರ್ಷ ಅವಳು ಸಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಒಂದು ಲೈಬ್ರರಿ, ಅಂದರೆ ಎಲ್ಲ ಯಂತ್ರಗಳಿಗೂ ಬಳಸಬಹುದಾದ ಕೋಡಿನ ಕಟ್ಟು, ಬರೆದಳು. ಪ್ರೋಗ್ರಾಂ ನಿಲ್ಲಬೇಕಾದಾಗ ಯಂತ್ರದ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅದಕ್ಕೊಂದು ಸಿಗ್ನಲ್ ಕಳಿಸುತ್ತದೆ. ಅದನ್ನು ಹಿಡಿದು, ಮೊದಲು ಬಿಸಿನೀರು ಬಂದ್ ಮಾಡಿ ಆಮೇಲೆ ನಿಲ್ಲಬೇಕೆಂದರೆ ಸಿಸ್ಟಂಗೆ ಮುಂಚೆಯೇ ಹೇಳಿಟ್ಟಿರಬೇಕು. ಒಂದೊಂದು ಸಿಸ್ಟಂಗೆ ಒಂದೊಂದು ರೀತಿ. ಆ ತಲೆನೋವನ್ನೆಲ್ಲ ಅವಳು ಫಂಕ್ಷನ್ ಎನ್ನುವ ಒಂದೇ ಕೋಡಿನ ತುಣುಕಿನೊಳಗೆ ಅಡಗಿಸಿದಳು. ಸಿಸ್ಟಂ ಒಪ್ಪಿದರೆ ಅದು ಸೊನ್ನೆ ಕೊಡುತ್ತದೆ. ಒಪ್ಪದಿದ್ದರೆ ಮೈನಸ್ ಒಂದು, ಆಗ ಯಂತ್ರ ಶುರುವಾಗುವುದೇ ಇಲ್ಲ.

ಆಸ್ಪತ್ರೆಯೊಂದರ ಲಾಂಡ್ರಿಗೆ ಯಂತ್ರ ಕೂರಿಸಿ ಬಂದ ಗಂಡ, "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡ್ತು ಕಣೇ," ಎಂದ. ಅವಳು ಹಿಗ್ಗಿ ಹೀರೇಕಾಯಿಯಾದಳು.

ಸ್ವಲ್ಪ ದಿನಕ್ಕೇ ಸುದ್ದಿ ಬಂತು. ಯಂತ್ರ ನಿಂತರೂ ಬಿಸಿನೀರು ನಿಂತಿರಲಿಲ್ಲ; ಅದರ ಬಾಗಿಲು ತೆಗೆದ ಕೆಲಸದವನ ಕಾಲು ಬೆಂದುಹೋಗಿತ್ತು.

ಮೀಟಿಂಗಿನಲ್ಲಿ ಮ್ಯಾನೇಜರ್ ಕೇಳಿದಾಗ ಗಂಡ ಅವಳತ್ತ ನೋಡಲೇ ಇಲ್ಲ. "ಸಿಗ್ನಲ್ ಭಾಗ ಪೂರ್ತಿ ಅವರದು ಸರ್," ಎಂದ. ಮನೆಯಲ್ಲಿ 'ಕಣೇ' ಎನ್ನುವವನ ಬಾಯಲ್ಲಿ 'ಅವರು'!

ಅವಳು ತಾನೇ ಲಾಂಡ್ರಿಗೆ ಹೋದಳು. ಅಲ್ಲಿನ ಹಳೆಯ ಸಿಸ್ಟಂ ಆಗುವುದಿಲ್ಲ ಎನ್ನುತ್ತಿತ್ತು. ಅವಳ ಫಂಕ್ಷನ್ ಮಾತ್ರ ಮೈನಸ್ ಒಂದರ ಬದಲು ಸೊನ್ನೆ ಕೊಡುತ್ತಿತ್ತು. ಯಾರೋ ತಿದ್ದಿದ್ದರು. ಅಲ್ಲಿಗೆ ಕೋಡ್ ಒಯ್ದವನು ಗಂಡನೊಬ್ಬನೇ.

"ಸೊನ್ನೆ ಹಾಕಿದ್ದು ನೀವೇನಾ?" ಎಂದು ಸಂಜೆ ಅಡುಗೆಮನೆಯಲ್ಲಿ ಕೇಳಿದಳು.

"ಗಿರಾಕಿ ಎದುರಿಗೇ ನಿಂತಿದ್ದ. ಯಂತ್ರ ಶುರುವೇ ಆಗ್ಲಿಲ್ಲ. ಏನ್ ಮಾಡ್ಲಿ?"

"ಮೀಟಿಂಗಲ್ಲಿ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನನ್ನ ಕೆಲಸ ಹೋಗ್ತಿತ್ತು. ನಿನ್ನ ಮೇಲೆ ಅವರಿಗೆ ನಂಬಿಕೆ ಇದೆ. ಬೈದು ಬಿಟ್ಬಿಡ್ತಾರೆ ಅಂದ್ಕೊಂಡೆ."

ಅವಳಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಯಿತು. ಹೊಗಳುತ್ತಲೇ ಅವನು ಕುತ್ತಿಗೆ ಕೊಯ್ದಿದ್ದ.

ಮರುದಿನ ಅವನ ಎದುರಿನಲ್ಲೇ ಮ್ಯಾನೇಜರಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನ ಕೆಲಸ ಹೋಯಿತು.

ಆಫೀಸಿನ ಮೆಟ್ಟಿಲಲ್ಲಿ ಅವಳನ್ನು ತಡೆದು, "ಕಟ್ಟಿಕೊಂಡ ಗಂಡನ್ನೇ ಬೀದಿಗೆ ತಂದ್ಯಲ್ಲೇ!" ಎಂದ.

"ಆ ಮೀಟಿಂಗಲ್ಲಿ ನೀವು ನನ್ನ ಗಂಡ ಅಂತ ನನಗೇ ಅನ್ನಿಸ್ಲಿಲ್ಲ."

ಅವಳು ಅಕ್ಕನ ಮನೆಗೆ ಹೋಗಿ ಉಳಿದಳು. ವಾರದ ಕೊನೆಗೆ ಅತ್ತೆ ಅವನನ್ನು ಕರೆದುಕೊಂಡು ಅಲ್ಲಿಗೆ ಬಂದರು.

"ತಪ್ಪಾಯ್ತು ಅಂತಿದಾನಲ್ಲಮ್ಮ."

"ಅಂತಾರೆ ಅತ್ತೆ. ಆದ್ರೆ ಇನ್ಮೇಲೆ ಅವ್ರು ಎಲ್ಲ ಸರಿ ಇದೆ ಅಂದಾಗ್ಲೆಲ್ಲ ನಾನು ಎದ್ದು ಹೋಗಿ ನೋಡ್ಬೇಕು. ಹಾಗೆ ಬದುಕೋಕೆ ನನ್ ಕೈಲಾಗಲ್ಲ."

ಅತ್ತೆ ಸೊಸೆಯ ತಲೆ ಸವರಿ, ಮಗನಿಗೆ ಕಣ್ಣಲ್ಲೇ ಬಾಗಿಲು ತೋರಿಸಿದರು.