ತೊಡೆಯ ಹಿಂದಿನ ಬಿಳಿ ಗೆರೆಗಳು

ಬಾಕ್ಸಿಂಗ್ ರಿಂಗ್‌ನ ಪಕ್ಕದ ಮೇಜಿನಲ್ಲಿ ಅವಳು ಎಂದಿನಂತೆ ಕ್ಯಾಮೆರಾ ಹೂಡಿಕೊಂಡು ಕೂತಿದ್ದಳು. ಆಟಗಾರರ ಚರ್ಮ ಎಷ್ಟು ಬಿಸಿಯಾಗಿದೆ ಎಂದು ಅದು ಬಣ್ಣಗಳಲ್ಲಿ ತೋರಿಸುತ್ತಿತ್ತು: ತಣ್ಣಗಿದ್ದಲ್ಲಿ ನೀಲಿ, ಬಿಸಿಯಿದ್ದಲ್ಲಿ ಕೆಂಪು, ಅದಕ್ಕೂ ಮೀರಿದರೆ ಬಿಳಿ. ಮೈ ಬಿಸಿಯೇರಿ ಯಾರಾದರೂ ಕುಸಿಯುವ ಮುನ್ನ ವೈದ್ಯೆಗೆ ತಿಳಿಸುವುದು ಅವಳ ಕೆಲಸ.

ಎರಡನೇ ಸುತ್ತಿನಲ್ಲಿ ಹದಿನಾರರ ಹುಡುಗಿಯೊಬ್ಬಳ ಮೂಗು ಒಡೆಯಿತು. ರಕ್ತ ಬಾಯಿಗಿಳಿದರೂ ಅವಳು ಹಿಂದೆಗೆಯಲಿಲ್ಲ. ಎದುರಾಳಿಯ ದವಡೆಗೆ ಗುದ್ದಿದಳು, ಎರಡು ಗುದ್ದು ತಿಂದಳು, ಹಗ್ಗಕ್ಕೆ ಅಪ್ಪಳಿಸಿ ನಿಂತಳು. ಈಗ ಅವಳ ಬೆನ್ನು ಕ್ಯಾಮೆರಾದ ಕಡೆಗಿತ್ತು. ಪರದೆಯ ಮೇಲೆ, ತೊಡೆಗಳ ಹಿಂದೆ ಅಡ್ಡಡ್ಡಲಾಗಿ ನಾಲ್ಕು ಬಿಳಿ ಗೆರೆ. ಬಾಕ್ಸಿಂಗ್‌ನಲ್ಲಿ ಅಲ್ಲಿಗೆ ಯಾರೂ ಹೊಡೆಯುವುದಿಲ್ಲ.

ಹುಡುಗಿಯ ಕೋಚ್ ಹನ್ನೊಂದು ವರ್ಷದ ಹಿಂದೆ ಕ್ಯಾಮೆರಾದ ಮುಂದೆ ಕೂತಿದ್ದ ಅವಳಿಗೂ ಕೋಚ್ ಆಗಿದ್ದವರು. ಸ್ಕಿಪ್ಪಿಂಗ್ ಹಗ್ಗ ಮಡಚಿ ಬಾರಿಸುತ್ತಿದ್ದರು. "ಸರ್ ಏಟಿನಿಂದಲೇ ಪದಕ ಬಂತು" ಎಂದು ಅವಳು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಗಂಟೆ ಹೊಡೆಯಿತು. ಮೂಲೆಯಲ್ಲಿ ಕೋಚ್ ಹುಡುಗಿಯ ಕೆನ್ನೆಗೆ ಫಟೀರೆಂದು ಹೊಡೆದರು. "ಕೈ ಮೇಲಿಡು ಅಂದ್ರೆ ಕಿವಿ ಕೇಳ್ಸಲ್ವಾ?"

ಕ್ಯಾಮೆರಾ ಬಿಟ್ಟು ಅವಳು ಎದ್ದು ಆ ಮೂಲೆಗೆ ಓಡಿದಳು. "ಸರ್, ತೊಡೆಗೂ ಹೊಡ್ದಿದ್ದೀರಾ?"

"ಬೆಳಿಗ್ಗೆ ತೂಕ ಜಾಸ್ತಿ ಇತ್ತು. ಓಡು ಅಂದೆ, ನಿಂತ್ಲು, ಕೊಟ್ಟೆ." ಅವರ ದನಿಯಲ್ಲಿ ಅಳುಕಿರಲಿಲ್ಲ. "ಇವಳಪ್ಪ ಕುಡಿದು ಸುಮ್ಸುಮ್ನೆ ಹೊಡೀತಾನೆ. ನಾನು ಹೊಡೆಯೋದು ಇವಳು ಗೆಲ್ಲಲಿ ಅಂತ. ನನ್ನ ಏಟಿಲ್ದೆ ನೀನು ಗೆಲ್ತಿದ್ಯಾ?"

"ಗೆದ್ದೆ ಸರ್. ಆಮೇಲೆ ಒಂದಿನಾನೂ ಗ್ಲೌಸ್ ಮುಟ್ಟಲಿಲ್ಲ. ಯಾಕೆ ಅಂತ ನೀವು ಕೇಳ್ಲೇ ಇಲ್ಲ."

ಹುಡುಗಿ ರಕ್ತ ಉಗಿದು ಅವಳ ತೋಳಿಗೆ ಕೈಯಿಟ್ಟಳು. "ಅಕ್ಕಾ, ಪಂದ್ಯ ನಿಲ್ಲಿಸ್ಬೇಡಿ. ಸೋತ್ರೆ ಇನ್ನೂ ಹೊಡೀತಾರೆ."

ಆ ಮಾತು ಕೇಳಿದ್ದೇ ಅವಳು ಮೇಜಿಗೆ ಓಡಿದಳು. ವೈದ್ಯೆಯನ್ನು ಕೂಗಿ ಕರೆದು ಕ್ಯಾಮೆರಾದ ಪರದೆ ತೋರಿಸಿದಳು. ಕೋಚ್ ಹಿಂದಿನಿಂದ ಬಂದು ಅವಳ ರಟ್ಟೆ ಹಿಡಿದು ನೂಕಿದರು. ಮೇಜಿನ ಅಂಚು ಹಣೆಗೆ ಬಡಿಯಿತು. "ಕೃತಘ್ನೆ!" ಎಂದು ಇನ್ನೊಮ್ಮೆ ಕೈಯೆತ್ತುವಷ್ಟರಲ್ಲಿ ರೆಫರಿ ಅವರನ್ನು ಹಿಡಿದುಕೊಂಡ. ವೈದ್ಯೆ ಪಂದ್ಯ ನಿಲ್ಲಿಸಿದಳು.

"ಬಾಯಿಮಾತು ಸಾಲಲ್ಲ, ದೂರು ಬರೆದುಕೊಡ್ಬೇಕು," ಎಂದಳು ವೈದ್ಯೆ ಚಿಕಿತ್ಸಾ ಕೋಣೆಯಲ್ಲಿ.

ಹಣೆಗೆ ಹತ್ತಿ ಒತ್ತಿಕೊಂಡು ಅವಳು ಕಂಡದ್ದನ್ನೆಲ್ಲ ಬರೆದಳು, ಸಹಿ ಹಾಕಿದಳು. ಪೆನ್ನು ಕೆಳಗಿಡಲಿಲ್ಲ. ಇನ್ನೊಂದು ಹಾಳೆ ಎಳೆದುಕೊಂಡು, ಹನ್ನೊಂದು ವರ್ಷದ ಹಿಂದಿನ ತಾರೀಖು ಹಾಕಿ, ತನ್ನ ಹೆಸರಿನಿಂದ ಶುರುಮಾಡಿದಳು.

ಮೂಗಿಗೆ ಐಸ್ ಹಿಡಿದ ಹುಡುಗಿ ಬಗ್ಗಿ ಓದಿದಳು. "ಅಕ್ಕಾ, ನಿಮಗೂ ನೋವಾಗ್ತಿತ್ತಾ?"

"ಹೂಂ," ಎಂದಳು ಅವಳು. ಅದನ್ನು ಒಬ್ಬರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು.