ರಸ್ತೆ ಬದಿಯ ಇಂಗಾಲ

ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮರುದಿನ ಕಾರ್ಸ್ಟನ್‌ನ ಕೆಲಸ ಕಾಯಂ ಮಾಡುವ ಸಭೆ. ಅವನು ನನ್ನ ಹಳೆಯ ವಿದ್ಯಾರ್ಥಿ, ಈಗ ಇದೇ ಅಯೋವಾ ಕಾಲೇಜಿನಲ್ಲಿ ಸಹೋದ್ಯೋಗಿ. ಮೆಕ್ಕೆಜೋಳ ಕೊಯ್ದ ಮೇಲೆ ರೈ ಎಂಬ ಚಳಿಗಾಲದ ಧಾನ್ಯ ಬಿತ್ತಿದರೆ ಅದರ ಬೇರಿನಿಂದ ಮಣ್ಣಿನ ಇಂಗಾಲ ಹೆಚ್ಚುತ್ತದೆಂದು ವರ್ಷಗಟ್ಟಲೆ ಅಳೆದು ತೋರಿಸಿದ್ದ. ಆ ಫಲಿತಾಂಶದ ಮೇಲೇ ಅವನ ಕೆಲಸ ನಿಂತಿತ್ತು.

ಹೊಸ ವಿದ್ಯಾರ್ಥಿಗಳನ್ನು ಪಾಠಕ್ಕೆಂದು ಅವನ ಹೊಲಕ್ಕೇ ಕರೆದೊಯ್ದೆ. ಮನಸ್ಸು ತಡೆಯದೆ ಅವನೂ ಬಂದಿದ್ದ.

"ಮಣ್ಣಿನ ಮೇಲೆ ಆಸಿಡ್ ಬಿಡಿ. ಸುಣ್ಣ ಇದ್ರೆ ನೊರೆ ಬರುತ್ತೆ. ಇಲ್ಲಿ ಬರಲ್ಲ, ನೋಡ್ತಿರಿ," ಎಂದೆ ಜಂಬದಿಂದ.

ಟೆಸ್ಸಾ ಎಂಬ ಹುಡುಗಿ ಎರಡು ಹನಿ ಬಿಟ್ಟಳು. ಬುಸ್ಸೆಂದು ನೊರೆ ಎದ್ದಿತು.

"ಬಂತಲ್ಲ ಪ್ರೊಫೆಸರ್!"

ಎಲ್ಲರೂ ನಕ್ಕರು. ನಾನು ಕಾರ್ಸ್ಟನ್‌ನತ್ತ ತಿರುಗಿದೆ. ಮಣ್ಣು ಸುಟ್ಟು ಅಳೆಯುವ ನಮ್ಮ ಯಂತ್ರಕ್ಕೆ ಬೇರಿನ ಇಂಗಾಲವೂ ಒಂದೇ, ಸುಣ್ಣದಲ್ಲಿರುವ ಇಂಗಾಲವೂ ಒಂದೇ. ಸುಣ್ಣವಿಲ್ಲದ ಹೊಲವೆಂದು ಕಾರ್ಸ್ಟನ್ ಎರಡನ್ನೂ ಬೇರ್ಪಡಿಸಿರಲೇ ಇಲ್ಲ.

ಅವನು ಬಾಟಲಿ ಕಸಿದುಕೊಂಡು ಹೊಲದೊಳಗೆ ಓಡಿದ. ಅಲ್ಲೊಂದು ಹನಿ, ಇಲ್ಲೊಂದು ಹನಿ. ಹೋಲಿಕೆಗೆಂದು ರೈ ಬಿತ್ತದೆ ಬಿಟ್ಟ ಒಳಗಿನ ಪಟ್ಟಿಗಳಲ್ಲಿ ನೊರೆಯಿಲ್ಲ. ರೈ ಬಿತ್ತಿದ ರಸ್ತೆ ಬದಿಯವುಗಳಲ್ಲೆಲ್ಲ ಇದೆ. ಅಷ್ಟರಲ್ಲಿ ಲಾರಿಯೊಂದು ಹಾದುಹೋಗಿ, ಜಲ್ಲಿ ರಸ್ತೆಯ ಬಿಳಿ ಧೂಳು ನಮ್ಮ ಮೈಮೇಲೆಲ್ಲ ಕೂತಿತು. ಕಾರ್ಸ್ಟನ್ ತನ್ನ ಬೂಟಿನ ಮೇಲಿನ ಧೂಳಿಗೆ ಒಂದು ಹನಿ ಬಿಟ್ಟ. ಅದರಲ್ಲೂ ನೊರೆ ಎದ್ದಿತು.

ಅವನನ್ನು ಪಕ್ಕಕ್ಕೆಳೆದೆ. "ನಾಳೆ ಒಂದಿನ ಬಾಯಿ ಮುಚ್ಕೊಂಡಿರು ಮಾರಾಯ. ಕೆಲಸ ಆಗ್ಲಿ, ಆಮೇಲೆ ತಿದ್ಕೊಳ್ಳೋಣ."

"ಮಾರ್ಲಿಸ್, ಇವರೆಲ್ಲ ನೋಡಿದ್ರಲ್ಲ."

"ನಿನ್ನೆ ಮೊನ್ನೆ ಸೇರಿದವರು ಕಣೋ! ಅವರಿಗೇನು ತಿಳಿಯುತ್ತೆ?"

ಅವನು ನನ್ನನ್ನೇ ದಿಟ್ಟಿಸಿದ. ನನಗೆ ನಾಚಿಕೆಯಾಯಿತು, ಅವನ ಮೇಲೆ ಸಿಟ್ಟೂ ಬಂತು. ಥೂ, ಇಷ್ಟು ವರ್ಷ ಪಾಠ ಮಾಡಿದ ಬಾಯಿಂದ ಬರುವ ಮಾತೇ ಇದು?

ಬಾಟಲಿಯನ್ನು ನನ್ನ ಕೈಗಿಟ್ಟು, "ಪಾಠ ಅರ್ಧಕ್ಕೇ ನಿಂತಿದೆ, ಮುಗಿಸಿ," ಎಂದ.

ವಿದ್ಯಾರ್ಥಿಗಳ ಕಡೆ ತಿರುಗಿದೆ. ಹೇಳಿದೆ: ರಸ್ತೆಯ ಜಲ್ಲಿ ಸುಣ್ಣದ ಕಲ್ಲು, ಅದರ ಧೂಳು ಈ ಪಟ್ಟಿಗಳ ಮೇಲೆ ಬೀಳುತ್ತಲೇ ಬಂದಿದೆ, ಯಂತ್ರ ಅದನ್ನೂ ಲೆಕ್ಕಕ್ಕೆ ಹಿಡಿದಿದೆ.

ಟೆಸ್ಸಾ ಹುಬ್ಬು ಗಂಟಿಕ್ಕಿದಳು. "ಹಾಗಾದ್ರೆ ಇಂಗಾಲ ಜಾಸ್ತಿ ಮಾಡಿದ್ದು ರೈ ಅಲ್ವಾ?"

ಕಾರ್ಸ್ಟನ್ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಗೊತ್ತಿಲ್ಲ ಕಣಮ್ಮ," ಎಂದ ಅವನು. "ನಾಳೆ ಸಭೇಲಿ ನನ್ನನ್ನೂ ಇದನ್ನೇ ಕೇಳ್ತಾರೆ. ನಾನೂ ಇದನ್ನೇ ಹೇಳ್ತೀನಿ."