ಕುಂಬಾರನ ಜೀಪಿಗೆ ಯಾವ ಟೈರು?

ಮಳೆ ಬಂದು ಹೋದ ಮೇಲೆ ಮಣ್ಣಿನ ದಾರಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಒಳಗೆ ಬೆಣ್ಣೆ. ಅಂಥ ದಾರಿಯಲ್ಲೇ ಆ ಬೆಳಿಗ್ಗೆ ಒಬ್ಬ ಕುಂಬಾರನೂ ಅವನ ಹೆಂಡತಿಯೂ ಜೇಡಿಮಣ್ಣು ತರಲು ಹೊರಟಿದ್ದರು.

ಜೀಪು ಓಡಿಸುವವಳು ಹೆಂಡತಿ. ಕುಂಬಾರನಿಗೆ ಪಳಗಿದ ಚಕ್ರ ಒಂದೇ, ಮಡಕೆ ಮಾಡುವ ತಿಗರಿ. ಅದರ ಮುಂದೆ ಕೂತರೆ ಅವನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಮಣ್ಣನ್ನು ಎರಡು ಬೆರಳಲ್ಲಿ ಉಜ್ಜಿ, ಒಮ್ಮೆ ಮೂಸಿ, ಇದು ಹೂಕುಂಡಕ್ಕೆ ಆದೀತು, ಇದು ಹೂಜಿಗೆ ಬರುತ್ತದೆ, ಇದು ಸುಡುವಾಗ ಸೀಳುತ್ತದೆ ಎಂದು ಹೇಳಬಲ್ಲವನು. ಆದರೆ ಜೀಪಿನ ಟೈರಿನ ಮಾತು ಬಂದರೆ ಅವನದು ಒಂದೇ ರಾಗ.

"ರೀ, ಟೈರು ಸವೆದು ನುಣ್ಣಗಾಗಿದೆ. ನಿಮ್ಮ ತಲೆಯ ಹಾಗೇ ಆಗಿದೆ ನೋಡಿ. ಬದಲಾಯಿಸೋಣ," ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು.

"ಟೈರಲ್ಲಿ ಏನಿದೆಯೇ? ಕಪ್ಪಗಿದೆ, ದುಂಡಗಿದೆ, ತಿರುಗುತ್ತೆ. ತಲೆ ಬೋಳಾದ್ರೂ ಕೆಲಸ ಮಾಡ್ತಿಲ್ವಾ?" ಎಂದು ಅವನು ತಲೆ ಸವರಿಕೊಂಡು ನಗುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮಣ್ಣಿನ ಹೊಂಡ ಊರಾಚೆಗಿತ್ತು. ಇಳಿಯಲು ಒಂದು ಇಳಿಜಾರು, ಅದರ ಎಡಕ್ಕೆ ಮಳೆನೀರು ತುಂಬಿ ನಿಂತ ಆಳದ ಗುಂಡಿ. ಇಳಿಯುವಾಗ ಏನೂ ಆಗಲಿಲ್ಲ. ಮಣ್ಣು ತುಂಬಿಕೊಂಡು ಏರುವಾಗ, ಅರ್ಧ ದಾರಿಯಲ್ಲಿ ಚಕ್ರಗಳು ಸುಮ್ಮನೆ ತಿರುಗತೊಡಗಿದವು. ಎಂಜಿನ್ ಅರಚಿತು, ಜೀಪು ಕದಲಲಿಲ್ಲ. ಚಕ್ರಕ್ಕೆ ಅಡ್ಡ ಕೊಡಲು ಕಲ್ಲು ಹಿಡಿದು ಹಿಂದೆ ನಡೆದು ಬರುತ್ತಿದ್ದ ಕುಂಬಾರ, ಓಡಿ ಬಂದು ಕಲ್ಲಿಟ್ಟ. ಕಲ್ಲು ಕೆಸರಲ್ಲಿ ಹೂತುಹೋಯಿತು. ಜೀಪು ಹಿಂದಕ್ಕೆ ಜಾರತೊಡಗಿತು. ಎಣ್ಣೆ ಸವರಿದ ತಟ್ಟೆಯ ಮೇಲೆ ಲೋಟ ಜಾರುವಂತೆ, ಮೆಲ್ಲಗೆ, ಎಡಕ್ಕೆ, ನೀರಿನ ಕಡೆಗೆ.

ಅವನು ಹೆಗಲು ಕೊಡಲು ಹೋದ.

"ದೂರ ಹೋಗ್ರೀ!" ಹೆಂಡತಿ ಒಳಗಿಂದ ಕಿರುಚಿದಳು. "ಕೈ ಹಾಕ್ಬೇಡಿ, ದೂರ ಹೋಗಿ!"

ಹಿಂದಿನ ಚಕ್ರ ಯಾರೋ ತೋಡಿ ಬಿಸಾಡಿದ್ದ ಮಣ್ಣಿನ ಗುಡ್ಡೆಗೆ ತಾಗಿ ಜೀಪು ನಿಂತಿತು. ನೀರು ಇನ್ನು ಎರಡು ಮಾರು ದೂರ. ಕುಂಬಾರ ಬಾಗಿಲು ತೆರೆದ. ಅವಳು ಮುಂದೆ ನೋಡುತ್ತ ಕೂತೇ ಇದ್ದಳು.

"ಇಳಿಯೇ, ಇಳಿ."

"ಇಳೀತೀನಿ ರೀ. ಕೈ ಬಿಡೋಕೆ ಆಗ್ತಿಲ್ಲ."

ಸ್ಟೇರಿಂಗಿನಿಂದ ಅವಳ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿದ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಬೆರಳುಗಳು ಅಷ್ಟು ತಣ್ಣಗಿದ್ದದ್ದನ್ನು ಅವನು ಕಂಡಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಹೆಂಡತಿಯೇ ಗಾಳಿಯಕ್ಕನಿಗೆ ಫೋನ್ ಮಾಡಿದಳು. ಗಾಳಿಯಕ್ಕ ಎಂದರೆ ಕೂಡುರಸ್ತೆಯ ಟೈರ್ ಅಂಗಡಿಯವಳು. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಹಿಡಿದು ಶುರು ಮಾಡಿದವಳು, ಈಗ ಲಾರಿಯ ಚಕ್ರವನ್ನೂ ಒಬ್ಬಳೇ ಬಿಚ್ಚುತ್ತಾಳೆ. ಕುಂಬಾರನಿಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ಊರೆಲ್ಲ ಅಕ್ಕ ಅಂದಮೇಲೆ ಅವನಿಗೂ ಅಕ್ಕನೇ.

ಅವಳು ತನ್ನ ಜೀಪಿನಲ್ಲೇ ಬಂದಳು. ಇಳಿಜಾರಿನ ತುದಿಯಲ್ಲಿ ನಿಂತು, ಕೆಳಗಿಳಿದು ನೆಲ ತುಳಿದು ನೋಡಿ, ಹಿಡಿತ ಹೆಚ್ಚಲೆಂದು ಚಕ್ರಗಳಿಂದ ಒಂದಿಷ್ಟು ಗಾಳಿ ಬಿಟ್ಟು, ಜೀಪನ್ನು ನಿಧಾನವಾಗಿ ಕೆಸರಿಗಿಳಿಸಿದಳು.

ಕುಂಬಾರ ಕಣ್ಣು ಬಾಯಿ ಬಿಟ್ಟು ನೋಡಿದ. ಅವಳ ಟೈರುಗಳಲ್ಲಿ ಬೆಲ್ಲದಚ್ಚಿನಷ್ಟು ದಪ್ಪದ ರಬ್ಬರ್ ಗುಬ್ಬಗಳು, ನಡುವೆ ಬೆರಳು ತೂರುವಷ್ಟು ಅಗಲದ ಸಂದುಗಳು. ಚಕ್ರ ತಿರುಗಿದಂತೆ ಸಂದುಗಳಲ್ಲಿ ಜೇಡಿ ತುಂಬಿಕೊಳ್ಳುತ್ತಿತ್ತು, ಮೇಲಕ್ಕೆ ಬರುವಷ್ಟರಲ್ಲಿ ಕವಣೆಯಿಂದ ಬಿಟ್ಟಂತೆ ಹಾರಿ ಹೋಗುತ್ತಿತ್ತು. ಮತ್ತೆ ನೆಲ ಮುಟ್ಟುವಾಗ ಸಂದು ಖಾಲಿ. ಕಚ್ಚುವುದು, ಎತ್ತುವುದು, ಉಗುಳುವುದು, ಮತ್ತೆ ಕಚ್ಚುವುದು. ಕೈಗೆ ಅಂಟಿದರೆ ತೊಳೆದರೂ ಬಿಡದ ಆ ಜೇಡಿಯ ಗುಣ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ಜೇಡಿಯನ್ನು ಈ ರಬ್ಬರು ಒದರಿ ಒದರಿ ಬಿಸಾಡುತ್ತಿತ್ತು. ಹಗ್ಗ ಬಿಗಿದದ್ದೇ ತಡ, ಅವನ ಜೀಪು ಕರು ತಾಯಿಯ ಹಿಂದೆ ಹೋದಂತೆ ಮೇಲೆ ಹತ್ತಿತು.

"ಅಕ್ಕಾ, ನನಗೂ ಇದೇ ಟೈರು. ಇವತ್ತೇ!" ಎಂದ ಕುಂಬಾರ. ಬೆಳಿಗ್ಗೆವರೆಗೆ ಟೈರಲ್ಲಿ ಏನಿದೆ ಎನ್ನುತ್ತಿದ್ದವನು ಇವನೇನಾ ಎಂದು ಹೆಂಡತಿ ನೋಡಿದಳು.

"ಇದು ಮಡ್ ಟೈರು ಅಣ್ಣ. ಕೆಸರಿಗೇ ಅಂತ ಮಾಡಿದ್ದು. ನನಗೆ ಬೇಕು. ನಿಮಗೆ ಬೇಡ."

"ಯಾಕಮ್ಮಾ? ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಬೆಳೆದೋನು ನಾನು. ನನಗೆ ಬೇಡ ಅಂದ್ರೆ?"

"ಅತ್ತಿಗೆ, ನೀವು ಹೇಳಿ. ತಿಂಗಳಿಗೆ ಎಷ್ಟು ಸಲ ಈ ಹೊಂಡಕ್ಕೆ ಇಳೀತೀರಾ?"

"ಎರಡು ಸಲ. ಹೆಚ್ಚಂದ್ರೆ ಮೂರು."

"ಮಿಕ್ಕ ದಿನ?"

"ಕುಂಡ ತುಂಬ್ಕೊಂಡು ಪಟ್ಟಣದ ನರ್ಸರಿಗಳಿಗೆ. ಸ್ವಲ್ಪ ಜಲ್ಲಿ ದಾರಿ, ಆಮೇಲೆಲ್ಲಾ ಡಾಂಬರು. ಘಾಟಿ ತಿರುವು ಬೇರೆ."

"ನನ್ನ ಕೆಲಸ ಸಿಕ್ಕಿಕೊಂಡ ಗಾಡಿ ಎಳೆಯೋದು. ನಾನು ಕೆಸರಲ್ಲೇ ಇರೋಳು. ನೀವು ಡಾಂಬರಲ್ಲಿ ಇರೋರು," ಎಂದಳು ಗಾಳಿಯಕ್ಕ. ಕುಂಬಾರನ ಮುಖ ಗಂಟಾದದ್ದನ್ನು ಕಂಡು ನಕ್ಕಳು. "ನಾನು ಹೇಳಿದ್ರೆ ನೀವು ಒಪ್ಪಲ್ಲ. ಮಡಕೆಗೆ ಹಚ್ಚೋ ಬಿಳಿ ಮಣ್ಣಿನ ಬಣ್ಣ ಇದೆಯಾ ಮನೇಲಿ? ನಡೀರಿ, ನೀವೇ ನೋಡೀರಂತೆ."

ದಾರಿಯಲ್ಲಿ ಅಂಗಡಿಯ ಮುಂದೆ ನಿಂತು ಅವಳು ಇನ್ನೊಂದು ಬಗೆಯ ಟೈರನ್ನು ಅದರ ಉಕ್ಕಿನ ಡಿಸ್ಕ್ ಸಮೇತ ತನ್ನ ಜೀಪಿನೊಳಗೆ ಹೇರಿಕೊಂಡಳು. ಕುಂಬಾರನ ಅಂಗಳದಲ್ಲಿ ಹಸಿ ಕುಂಡಗಳು ಸಾಲಾಗಿ ಒಣಗುತ್ತಿದ್ದವು. ಅವುಗಳ ಪಕ್ಕದ ಸಿಮೆಂಟು ನೆಲವನ್ನು ಗುಡಿಸಿ, ಮೊದಲು ಅವನ ಜೀಪಿನ ಬೋಳು ಚಕ್ರವನ್ನು ಜಾಕಿನಿಂದ ಎತ್ತಿದಳು.

"ಬಣ್ಣ ಹಚ್ಚಿ ಅಣ್ಣ. ತೆಳ್ಳಗೆ."

ಅವನು ಹೂಜಿಗೆ ಹಚ್ಚುವಷ್ಟೇ ಶ್ರದ್ಧೆಯಿಂದ ಹಚ್ಚಿದ. ಚಕ್ರ ಇಳಿಸಿದಳು, ಎತ್ತಿದಳು. ನೆಲದ ಮೇಲೆ ಬಿಳಿ ಅಚ್ಚು ಮೂಡಿತ್ತು. ಆಮೇಲೆ ಅವಳ ಜೀಪಿನ ಮಡ್ ಟೈರಿನದು. ಕೊನೆಗೆ ಹೊಸದಾಗಿ ತಂದ ಟೈರನ್ನು ಅವನ ಜೀಪಿಗೇ ಹಾಕಿ ಅದರದು. ಮೂರು ಅಚ್ಚು ಪಕ್ಕಪಕ್ಕ.

"ಇಷ್ಟೇನಾ?" ಕುಂಬಾರ ಕೇಳಿದ.

"ಏನು ಇಷ್ಟೇ?"

"ನೆಲ ಮುಟ್ಟೋದು... ಇಷ್ಟೇನಾ?"

ಅವನು ಬಗ್ಗಿ ಅಚ್ಚಿನ ಮೇಲೆ ಅಂಗೈ ಇಟ್ಟ. ಹೆಂಡತಿ ಪಕ್ಕದಲ್ಲಿ ತನ್ನದನ್ನೂ ಇಟ್ಟಳು. ಗಂಡನದೊಂದು ಅಂಗೈ, ಹೆಂಡತಿಯದೊಂದು ಅಂಗೈ, ಅಚ್ಚು ಹೆಚ್ಚುಕಡಿಮೆ ಮುಚ್ಚಿಹೋಯಿತು. ಅಷ್ಟು ದೊಡ್ಡ ಜೀಪು, ಎಂಜಿನ್ನು, ನೂರಾರು ಕುಂಡ, ಒಳಗೆ ಕೂತ ಇವಳು, ಇಷ್ಟೂ ಭಾರ ನೆಲಕ್ಕೆ ತಾಗಿ ನಿಂತಿರುವುದು ಇಂಥ ನಾಲ್ಕು ತುಂಡು ಜಾಗದ ಮೇಲೆ. ಘಾಟಿಯಲ್ಲೂ ಅಷ್ಟೇ, ಮಳೆಯಲ್ಲೂ ಅಷ್ಟೇ. ಇಷ್ಟು ವರ್ಷ ಇದರ ಮೇಲೆ ಇವಳನ್ನು ಕಳಿಸಿ ತಾನು ಮನೆಯಲ್ಲಿ ಹಾಯಾಗಿ ತಿಗರಿ ತಿರುಗಿಸುತ್ತಿದ್ದೆನಲ್ಲ!

ಆದರೆ ಕುಂಬಾರ ಅಷ್ಟಕ್ಕೇ ಸೋಲುವವನಲ್ಲ. "ಒಂದು ಮಾತು. ನನ್ನ ಬೋಳು ಟೈರೇ ಎಲ್ಲಕ್ಕಿಂತ ಜಾಸ್ತಿ ಮುಟ್ಟಿದೆಯಲ್ಲ? ನೋಡಿ, ಅಚ್ಚು ತುಂಬಾ ಬಿಳಿ."

"ಭಲೇ ಅಣ್ಣ, ಸರಿಯಾಗಿ ನೋಡಿದ್ರಿ! ಒಣ ಡಾಂಬರಲ್ಲಿ ಅದು ನಡೆದೀತು. ಈಗ ಮಳೆ ಬಂತು ಅನ್ಕೊಳ್ಳಿ." ಗಾಳಿಯಕ್ಕ ಒಂದು ಚೊಂಬು ನೀರು ನೆಲಕ್ಕೆ ಸುರಿದಳು. "ಟೈರಿನ ಕೆಳಗೆ ಸಿಕ್ಕ ನೀರು ಎಲ್ಲಿಗೆ ಹೋಗ್ಬೇಕು? ನಿಮ್ಮದರಲ್ಲಿ ಗೀರೇ ಇಲ್ಲ, ನೀರಿಗೆ ದಾರಿಯೇ ಇಲ್ಲ. ವೇಗವಾಗಿ ಹೋದ್ರೆ ಗಾಡಿ ನೀರಿನ ಮೇಲೆ ತೇಲುತ್ತೆ. ಕೆಸರಲ್ಲಿ ಏನಾಯ್ತು ಅಂತ ಬೆಳಿಗ್ಗೆ ಕಂಡ್ರಲ್ಲ."

"ಮತ್ತೆ ನಿಮ್ಮದು?"

"ನನ್ನ ಅಚ್ಚು ನೋಡಿ. ಅಲ್ಲೊಂದು ಗುಬ್ಬ, ಇಲ್ಲೊಂದು ಗುಬ್ಬ. ನಡುವೆ ಬರೀ ಸಂದು. ಕೆಸರಿಗೆ ಆ ಸಂದೇ ಜೀವ. ಆದ್ರೆ ಒದ್ದೆ ಡಾಂಬರಲ್ಲಿ ಮುಟ್ಟೋ ರಬ್ಬರು ಕಮ್ಮಿ, ಬ್ರೇಕ್ ಒತ್ತಿದ್ರೆ ನಿಲ್ಲೋದು ಸ್ವಲ್ಪ ಮುಂದೆ. ಸದ್ದು ಜಾಸ್ತಿ, ಬೇಗ ಸವೆಯುತ್ತೆ, ಗಾಡಿ ಡೀಸೆಲ್ಲೂ ಹೆಚ್ಚು ಕುಡಿಯುತ್ತೆ. ಘಾಟೀಲಿ ನಾನು ಆಮೆ ಥರ ಹೋಗೋದು ಅದಕ್ಕೇ."

ಮೂರನೆಯ ಅಚ್ಚಿನ ಹತ್ತಿರ ಕುಂಬಾರ ಕುಕ್ಕರುಗಾಲಲ್ಲಿ ಕೂತ. ರಬ್ಬರಿನ ತುಂಡುಗಳು ಹತ್ತಿರ ಹತ್ತಿರ ಇದ್ದವು. ನಡುವೆ ಓರೆಯಾಗಿ ಹೊರಗೆ ಹರಿಯುವ ಕಾಲುವೆಗಳು, ಒಂದೊಂದು ತುಂಡಿನ ಮೇಲೂ ಕೂದಲೆಳೆಯಂಥ ಸೀಳು. ನುರಿತ ಕೈ ಕೊರೆದ ಕುಸುರಿಯಂತಿತ್ತು. ಯಾರೋ ಎಲ್ಲೋ ಕೂತು, ಒಂದು ಹನಿ ನೀರು ಯಾವ ಕಡೆಗೆ ಓಡಬೇಕೆಂದು ಯೋಚಿಸಿ ಯೋಚಿಸಿ ಮಾಡಿದ ಕೆಲಸ. ಅವನೂ ಕೈಕಸುಬಿನವನೇ, ಕೆಲಸ ಕಂಡರೆ ಗೊತ್ತಾಗುತ್ತದೆ.

"ಇದಕ್ಕೆ ಏನಂತಾರೆ?"

"ಆಲ್-ಟೆರೇನ್. ಡಾಂಬರು, ಜಲ್ಲಿ, ಮಣ್ಣು, ಸ್ವಲ್ಪ ಕೆಸರು, ಎಲ್ಲಕ್ಕೂ ಹೊಂದಿಕೊಳ್ಳುತ್ತೆ. ಬೆಳಿಗ್ಗೆಯಂಥ ಕೆಸರಿಗೆ ಇದೂ ಸಾಲದು, ಸುಳ್ಳು ಹೇಳಲ್ಲ. ಮಳೆ ಬಿದ್ದಾಗ ಹೊಂಡಕ್ಕೆ ಇಳೀಬೇಡಿ, ನೆಲ ಒಣಗಲಿ."

"ಒಣಗೋದು ಯಾವಾಗ ಅಂತ ನನಗೇ ಹೇಳ್ಬೇಕಾ? ಮಣ್ಣು ಮುಟ್ಟಿ ಹೇಳ್ತೀನಿ ನಾನು!" ಎಂದ ಕುಂಬಾರ. ಅಚ್ಚು ಕಂಡಮೇಲೆ ಮೊದಲ ಸಲ ಅವನ ದನಿ ಎತ್ತರಕ್ಕೆ ಬಂತು. ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕಳು.

ಮರುದಿನ ಅಂಗಡಿಯಲ್ಲಿ ನಾಲ್ಕೂ ಟೈರು ಬದಲಾದವು. ಎರಡು ಹಾಕಿದರೆ ಸಾಲದೇ ಎಂದು ಕುಂಬಾರ ಕೇಳದೆ ಇರಲಿಲ್ಲ. "ನಾಲ್ಕು ಚಕ್ರಕ್ಕೂ ಶಕ್ತಿ ಹೋಗೋ ಗಾಡಿ ಇದು. ಎರಡು ಒಂದು ಥರ, ಎರಡು ಇನ್ನೊಂದು ಥರ ಆದ್ರೆ ಒಳಗಿನ ಗೇರಿಗೆ ಪೆಟ್ಟು," ಎಂದಳು ಗಾಳಿಯಕ್ಕ. ಜೀಪಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದ್ದ ಅಳತೆಯನ್ನೂ ಟೈರಿನ ಮೇಲಿದ್ದ ಅಳತೆಯನ್ನೂ ಹೆಂಡತಿಯಿಂದಲೇ ಓದಿಸಿ ಹೋಲಿಸಿದಳು. ಎಷ್ಟು ಭಾರ ಹೊರುತ್ತದೆಂಬ ಅಂಕಿಯನ್ನೂ ತೋರಿಸಿದಳು. ಟೈರಿನ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿಯ ಮೇಲೆ ಬೆರಳಿಟ್ಟು, "ಮೊದಲ ಎರಡು ಅಂಕಿ ಎಷ್ಟನೇ ವಾರ ಅಂತ, ಕೊನೇ ಎರಡು ಯಾವ ವರ್ಷ ಅಂತ. ಇದು ಹುಟ್ಟಿದ ದಿನ. ಹೊಸದಾಗಿ ಕಂಡ್ರೂ ಮೂಲೇಲಿ ಬಿದ್ದು ಹಳೇದಾಗಿರೋದು ಕೊಳ್ಳಬೇಡಿ, ರಬ್ಬರು ಗಟ್ಟಿಯಾಗಿರುತ್ತೆ," ಎಂದಳು. ಮೆತ್ತನೆ ಮಣ್ಣಿನಲ್ಲಿ ಗಾಳಿ ಸ್ವಲ್ಪ ಇಳಿಸಿ ನಿಧಾನವಾಗಿ ಹೋಗಬೇಕು, ಡಾಂಬರು ಸೇರುತ್ತಲೇ ಮತ್ತೆ ತುಂಬಿಸಬೇಕು. ಅದನ್ನು ಎರಡೆರಡು ಸಲ ಹೇಳಿದಳು.

ಹನ್ನೆರಡನೆಯ ದಿನ ಕುಂಬಾರ ಹೆಂಡತಿಯ ಪಕ್ಕ ಕೂತು ಪಟ್ಟಣಕ್ಕೆ ಹೊರಟ. ಹಿಂದೆ ನೂರಿಪ್ಪತ್ತು ಕುಂಡ. ಘಾಟಿಯಲ್ಲಿ ಮಳೆ ಹಿಡಿಯಿತು. ನಾಲ್ಕನೆಯ ತಿರುವು ದಾಟುತ್ತಲೇ ಎದುರಿಗೆ ಮರವೊಂದು ರಸ್ತೆಗಡ್ಡ ಮಲಗಿತ್ತು. ಆಗಷ್ಟೇ ಬಿದ್ದದ್ದು, ಎಲೆಗಳು ಇನ್ನೂ ನಡುಗುತ್ತಿದ್ದವು.

ಹೆಂಡತಿ ಬ್ರೇಕ್ ಒತ್ತಿದಳು. ಕುಂಬಾರ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದ. ಜೀಪು ಅತ್ತ ಇತ್ತ ಅಲುಗದೆ ನೆಟ್ಟಗೆ ಮುಂದೆ ಹೋಗಿ, ನೆಲವನ್ನು ಗಪ್ಪನೆ ಹಿಡಿದುಕೊಂಡಂತೆ ನಿಂತಿತು. ಹಿಂದೆ ಕುಂಡಗಳು ಒಮ್ಮೆ ಟಣ್ ಎಂದು ಸುಮ್ಮನಾದವು. ಮರದ ಕೊಂಬೆ ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ," ಎಂದಳು ಹೆಂಡತಿ, ಉಸಿರು ಬಿಡುತ್ತ. "ಒಂದೂ ಒಡೆದಿಲ್ಲ ಅನ್ಸುತ್ತೆ ರೀ."

ಅವನು ಮಳೆಯಲ್ಲೇ ಇಳಿದ. ಮುಂದಿನ ಚಕ್ರದ ಬಳಿ ಕೂತ. ಕಾಲುವೆಗಳಿಂದ ನೀರು ಸಣ್ಣಗೆ ಹೊರಗೆ ಹರಿಯುತ್ತಿತ್ತು. ರಬ್ಬರು ಮುಟ್ಟಿದ, ಬೆಚ್ಚಗಿತ್ತು. ಒದ್ದೆ ರಸ್ತೆ, ಇಳಿಜಾರು, ಅಷ್ಟು ಭಾರ. ಎಲ್ಲವನ್ನೂ ಈ ಇಷ್ಟಗಲ ರಬ್ಬರು ಹಿಡಿದು ನಿಲ್ಲಿಸಿತ್ತು. ಅವನಿಗೆ ಕೈ ಮುಗಿಯಬೇಕೆನಿಸಿತು, ನಾಚಿಕೆಯಾಗಿ ಸುಮ್ಮನೆ ಸವರಿದ.

"ನೆನೀತಿದ್ದೀರಲ್ರೀ, ಒಳಗೆ ಬನ್ನಿ!"

"ಬಂದೆ," ಎಂದ. ಆದರೆ ಮಿಕ್ಕ ಮೂರನ್ನೂ ನೋಡಿಯೇ ಬಂದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕಾಡುದಾರಿ, ಹೊಲದ ದಾರಿ, ಘಾಟಿ ದಾರಿಯಲ್ಲಿ ಓಡುವ ಗಾಡಿ ನಿಮ್ಮ ಮನೆಯಲ್ಲೂ ಇರಬಹುದು. ನೋಡಲು ಗತ್ತಾಗಿದೆಯೆಂದು ಟೈರು ಕೊಳ್ಳಬೇಡಿ, ಪಕ್ಕದ ಮನೆಯವರು ಹಾಕಿಸಿದರೆಂದೂ ಬೇಡ. ನಿಮ್ಮ ಗಾಡಿ ಹೆಚ್ಚು ದಿನ ಯಾವ ನೆಲದ ಮೇಲೆ ಓಡುತ್ತದೆಂದು ಮೊದಲು ಲೆಕ್ಕ ಹಾಕಿ. ದಿನವೂ ಕೆಸರಿನಲ್ಲೇ ದುಡಿಯುವ ಗಾಡಿಗೆ ಮಡ್ ಟೈರು ಹಾಕಿಸಿ. ಡಾಂಬರು, ಜಲ್ಲಿ, ಮಣ್ಣು ಬೆರೆತ ದಾರಿಗಾದರೆ ಆಲ್-ಟೆರೇನ್. ಸವೆದದ್ದನ್ನು ಮಾತ್ರ ಯಾವ ದಾರಿಗೂ ಇಟ್ಟುಕೊಳ್ಳಬೇಡಿ. ಈಗಲೇ ಎದ್ದು ಹೋಗಿ, ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೀರುಗಳಲ್ಲಿ ಬೆರಳಾಡಿಸಿ ನೋಡಿ. ಐದು ನಿಮಿಷದ ಕೆಲಸ. ಆ ಗಾಡಿಯೊಳಗೆ ಕೂರುವವರು ನಿಮ್ಮವರು.